ಸಿಳ್ಳೆ ದಾರಿ

"ಹಾಕೇ ಸಿಳ್ಳೆ! ಹಲ್ಕಾ ಮುಂಡೆ, ಹಾಕೇ ಅಂದ್ರೆ! ಏನು ತುರುಕಿಕೊಂಡಿದೀಯ ಬಾಯೊಳಗೆ?"

ದೊರೆಸಾನಿ ಊಟದ ಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಅಡುಗೆಮನೆಗೂ ದೊಡ್ಡಮನೆಗೂ ನಡುವಿನ ಇಟ್ಟಿಗೆ ಹಾಸಿದ ದಾರಿಯ ಮಧ್ಯದಲ್ಲಿ ಹೇಗರ್ ಏಡಿ ಸಾರಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು. ಬೋಗುಣಿ ಸುಡುತ್ತಿತ್ತು. ಅವಳು ತುಟಿ ಕೂಡಿಸಿ ಊದಿದಳು. ಫುಸ್ ಎಂದು ಗಾಳಿ ಬಂತು, ಗಾಳಿಯ ಜೊತೆಗೆ ಒಂದು ಹನಿ ರಕ್ತವೂ ಬಂತು. ಸಿಳ್ಳೆ ಮಾತ್ರ ಬರಲಿಲ್ಲ.

ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ದೊಡ್ಡಮನೆಯಿಂದ ದೂರ ಕಟ್ಟಿದ್ದರು. ಒಲೆಯಿಂದ ಇಳಿದ ಊಟ ಮೇಜು ಮುಟ್ಟುವ ತನಕ ಕರಿಯರ ಕೈಯಲ್ಲಿ ಒಂಟಿಯಾಗಿ ಬರಬೇಕು. ಅದಕ್ಕೇ ಆಷ್ಬಿ ದೊರೆಯ ಅಜ್ಜನ ಕಾಲದಿಂದ ಒಂದು ಕಟ್ಟಳೆ: ತಟ್ಟೆ ಹೊತ್ತವರು ಆ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬರಬೇಕು. ಸಿಳ್ಳೆ ಹಾಕುವ ಬಾಯಿ ಅಗಿಯಲಾರದು, ನುಂಗಲಾರದು. ಸಿಳ್ಳೆ ನಿಂತಿತೋ, ಕಳ್ಳತನ ನಡೆಯಿತೆಂದೇ ಲೆಕ್ಕ. ಹೇಗರಳ ತಾಯಿ ಅದೇ ದಾರಿಯಲ್ಲಿ ಸಿಳ್ಳೆ ಹಾಕುತ್ತಾ ಮುದುಕಿಯಾಗಿದ್ದಳು.

ದೊರೆಸಾನಿ ಮೆಟ್ಟಿಲಿಳಿದು ಬಂದಳು.

"ಬಾಯಿ ತೆಗಿ."

ಹೇಗರ್ ತೆಗೆದಳು.

"ಮುಂದಿನ ಹಲ್ಲೆಲ್ಲಿ?"

"ಉಗ್ರಾಣದ ಬೀಗದಕೈ ಗೊಂಚಲ್ನಾಗೆ ವಡುದ್ರಲ್ಲ ದೊರೆಸಾನೀ, ನೀವೇಯ. ಸನಿವಾರ ನಂಗೆ ಸೀನು ಬಂದು ಸಿಳ್ಳೆ ನಿಂತೋಗಿತ್ತಲ್ಲ, ಆಗ."

"ನಾನು ಹೊಡೆದೆ ಅಂತ ಹಲ್ಲು ಬೀಳಿಸಿಕೊಂಡುಬಿಡೋದಾ? ನಿನ್ನ ಹಟವೇ ಹಟ! ಈಗ ಸಿಳ್ಳೆ ಯಾರು, ನಿಮ್ಮಪ್ಪ ಬಂದು ಹಾಕ್ತಾನಾ?"

ಸಾರು ಆರಿತು. ಆರಿದ್ದಕ್ಕೂ ಎರಡೇಟು ಬಿದ್ದವು. ಆದರೆ ಅದೇ ಮಧ್ಯಾಹ್ನ ದೊರೆಸಾನಿ ತಾನೇ ಉಗ್ರಾಣದ ಬೀಗ ತೆಗೆದು ಒಂದು ಚಿಟಿಕೆ ಲವಂಗ ಕಳಿಸಿಕೊಟ್ಟಳು, ನೋಯುವ ಕಡೆ ಒತ್ತಿಕೊಳ್ಳಲಿ ಎಂದು. ಒಳ್ಳೆಯ ಲವಂಗ. ನೋವು ಎಷ್ಟೋ ಇಳಿಯಿತು.

ಸಂಜೆ ದೊರೆ ಮತ್ತು ದೊರೆಸಾನಿ ಜಗುಲಿಯಲ್ಲಿ ಕುಳಿತು ಈ ವಿಷಯವನ್ನು ಚರ್ಚಿಸಿದರು. ಬೇರೆಯವಳನ್ನು ಹಾಕುವಂತಿರಲಿಲ್ಲ, ಚೀನಾದ ಪಿಂಗಾಣಿಯನ್ನು ಬೀಳಿಸದೆ ತರುವ ಕೈ ಹೇಗರಳದೊಂದೇ. ಆಷ್ಬಿ ದೊರೆ ಓದಿದವನು, ಯೋಚನೆ ಮಾಡುವುದೆಂದರೆ ಅವನಿಗೆ ಇಷ್ಟ.

"ಗುನುಗಲಿ ಬಿಡು," ಎಂದ.

"ಗುನುಗುತ್ತಾ ತಿನ್ನಬಹುದು," ಎಂದಳು ದೊರೆಸಾನಿ. ತೋರಿಸಿಕೊಡಲು ಒಂದು ದೊಡ್ಡ ತುಂಡು ಕೇಕ್ ಬಾಯಿಗೆ ಹಾಕಿಕೊಂಡು ಒಂದು ಭಕ್ತಿಗೀತೆಯನ್ನು ಕೊನೆಯವರೆಗೂ ಗುನುಗಿದಳು. ಕೇಕ್ ಮುಗಿಯಿತು, ಗೀತೆಯೂ ಮುಗಿಯಿತು.

"ಹಾಡಿದರೆ?"

"ದವಡೆಯಲ್ಲಿ ಒತ್ತಿಟ್ಟುಕೊಂಡು ಹಾಡ್ತಾರೆ."

"ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಕಬ್ಬಿಣದ ಬಾಯಿಕುಕ್ಕೆ ಇದೆ."

"ಪೆನ್ನಿಮನ್ ಬರ್ತಿದಾನಲ್ಲ!"

ಪೆನ್ನಿಮನ್ ದೊರೆಸಾನಿಯ ಚಿಕ್ಕಮ್ಮನ ಮಗ. ಉತ್ತರದಲ್ಲಿ, ಫಿಲಡೆಲ್ಫಿಯದಲ್ಲಿ, ಗುಲಾಮಗಿರಿ ತೊಲಗಿಸುವ ಸಂಘ ಸೇರಿಕೊಂಡಿದ್ದ. ಓಡಿಹೋದ ಗುಲಾಮರನ್ನು ಉತ್ತರದಿಂದ ಹಿಡಿದು ತರುವ ಹೊಸ ಕಾನೂನು ಬಂದ ವರ್ಷ ಅದು. ಊರೂರಲ್ಲೂ ಅದೇ ಜಗಳ. ಒಮ್ಮೆ ಬಂದು ಕಣ್ಣಾರೆ ನೋಡು, ನಮ್ಮ ಜನ ಎಷ್ಟು ಸುಖವಾಗಿದ್ದಾರೆ ಎಂದು ಆಷ್ಬಿ ದೊರೆ ತಾನೇ ಅವನನ್ನು ಕರೆಸಿದ್ದ. ಅಂಥವನ ಎದುರಿಗೆ ಕಬ್ಬಿಣದ ಬಾಯಿಕುಕ್ಕೆ ಚೆನ್ನಾಗಿ ಕಾಣಿಸದು.

ಕೊನೆಗೆ ದೊರೆಗೆ ಹೊಳೆಯಿತು. ತಟ್ಟೆ ಹೇಗರ್ ಹೊರಲಿ, ಸಿಳ್ಳೆ ಬೇರೆಯವರು ಹಾಕಲಿ.

ಬೇರೆಯವರೆಂದರೆ ಕ್ವಾಕೋ. ಭತ್ತ ಕುಟ್ಟುವ ಮಿಲ್ಲಿನಲ್ಲಿ ಹೇಸರಗತ್ತೆ ಹೊಡೆಯುವ ಮುದುಕ. ಅವನು ಸಿಳ್ಳೆ ಹಾಕಿದರೆ ಮರದ ಹಕ್ಕಿ ತಿರುಗಿ ಉತ್ತರ ಕೊಡುತ್ತಿತ್ತು. ಮರುದಿನ ಬೆಳಿಗ್ಗೆ ಅವನು ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದ.

"ತಂಗ್ಯವ್ವ, ಇನ್ಮೇಲೆ ನಿನ್ ಬಾಯಿ ನಾನೇ ಕಣವ್ವ."

"ಬಾರಣ್ಣ. ನನ್ ಬಾಯ್ನಾಗಿನಂಗೇ ನಿನ್ ಬಾಯ್ನಾಗೂ ಅಲ್ಲು ಕಮ್ಮಿ. ಅದೆಂಗೆ ಊದೀಯೋ."

"ಮುಂದ್ಲವು ಅವೆ, ಬುಡು. ದೊರೆಸಾನಿ ಬೀಗದಕೈ ಮಿಲ್ಲಿನ ತಾವ ಬರಾಕಿಲ್ವಲ್ಲ." ಅವನು ಜೋಳದ ರೊಟ್ಟಿಯ ಚೂರೊಂದನ್ನು ಸೊಪ್ಪು ಬೇಯಿಸಿದ ನೀರಿನಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದು, ಅವಳ ಕೈಗಿಟ್ಟ. "ಉಣ್ಣು. ಅಗೀಬ್ಯಾಡ, ನುಂಗು. ಅದ್ಸರಿ, ಒಂದ್ಮಾತು. ನನ್ ಬಾಯಿ ಸಿಳ್ಳೆ ಹಾಕ್ತಿದ್ರೆ ನಿನ್ ಬಾಯಿ ಉಣ್ಣಾಕಿಲ್ಲ ಅಂತ ಅವ್ರಿಗೆ ಹೆಂಗವ್ವ ಗೊತ್ತಾಯ್ತದೆ?"

"ಸುಮ್ಕಿರಣ್ಣೋ! ಆ ಮಾತ ಅವ್ರ ಕಿವಿಗೆ ಬೀಳಿಸಬ್ಯಾಡ."

"ನಾನ್ಯಾಕೆ ಬೀಳಿಸ್ಲಿ. ಹಾಕು ಅಂದವ್ರೆ, ಹಾಕ್ತೀನಿ."

ಹಾಕಿದ. ಹೇಗರ್ ಮುಂದೆ, ಅವನು ಹಿಂದೆ. ದೊರೆಸಾನಿ ಬಾಗಿಲಲ್ಲಿ ಕಣ್ಣು ಮುಚ್ಚಿ ಆಲಿಸಿ ತಲೆದೂಗಿದಳು. ಅಷ್ಟರಲ್ಲಿ ಬೇಲಿಯಾಚೆಯಿಂದ ಧಡಧಡ ಸದ್ದು ಬಂತು. ಕ್ವಾಕೋನ ಹೇಸರಗತ್ತೆ ಮಿಲ್ಲಿನ ಪಟ್ಟಿ ಕಿತ್ತುಕೊಂಡು, ಗುಲಾಬಿ ಪಾತಿ ತುಳಿದುಕೊಂಡು ಬಂದು, ಅವನ ಬೆನ್ನ ಹಿಂದೆ ನಿಂತು ಮೂಗರಳಿಸಿತು. ಅದರ ಹೆಸರು ಸೆನೆಟರ್. ಬಹಳ ಅರಚುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ ಎಂದು ಕ್ವಾಕೋನೇ ಇಟ್ಟ ಹೆಸರು.

"ಇದ್ಯಾಕೋ ಬಂತು?" ದೊರೆ ಕೇಳಿದ.

"ಇದು ಅದುನ್ನ ಕರ್ಯೋ ಸಿಳ್ಳೆ, ಬುದ್ದೀ. ಹುಲ್ಲೈತೆ ಬಾ ಅಂತ."

"ಬೇರೆ ರಾಗ ಹಾಕು."

"ನಂಗೆ ಬರಾದು ಇದೊಂದೇ, ಬುದ್ದೀ."

ಅವನಿಗೆ ಬೇಕಾದಷ್ಟು ರಾಗ ಬರುತ್ತದೆಂದು ಹೇಗರ್‌ಗೆ ಗೊತ್ತಿತ್ತು. ಅಡುಗೆಮನೆಗೆ ಮರಳಿದ ಮೇಲೆ ಅವಳು ಅವನ ಮುಖ ನೋಡಿದಳು. ಅವನು ಸೆನೆಟರ್‌ನ ಕುತ್ತಿಗೆಯ ಹುಣ್ಣಿನ ಮೇಲಿನ ನೊಣ ಓಡಿಸುತ್ತಿದ್ದ.

"ಊಟ್ದೊತ್ತಿಗಾದ್ರೂ ಇದುಕ್ಕೂ ನೊಗ ಇಳೀಲಿ, ಬುಡವ್ವ," ಎಂದ.

ಕ್ವಾಕೋ ಕೇಳಿದ ಪ್ರಶ್ನೆ ಸ್ವಲ್ಪ ದಿನದಲ್ಲೇ ದೊರೆಸಾನಿಗೂ ಹೊಳೆಯಿತು. ಬೆಳಗಿನ ಕಾಫಿಯ ಲೋಟ ಕೈಯಲ್ಲಿರುವಾಗಲೇ ಅವಳು ಕಿರುಚಿಕೊಂಡಳಂತೆ. "ಅಯ್ಯೋ! ಸಿಳ್ಳೆ ಹಾಕೋನು ತಿಂತಿಲ್ಲ, ಸರಿ. ಅವಳು?"

ಹಾಗಾಗಿ ಮೇಸ್ತ್ರಿ ಸ್ಲೋಕಮ್‌ನನ್ನು ಕರೆಸಿದರು. ತೋಟದ ಕೆಲಸದವರ ಮೇಲಿನ ಬಿಳಿಯ ಅವನು. ಸೊಂಟದಲ್ಲಿ ಸುತ್ತಿದ ಚಾಟಿ, ಸದಾ ಕೆಂಪಗಿನ ಕತ್ತು. ಇನ್ನು ಮೇಲೆ ಹೊತ್ತು ಹೊತ್ತಿಗೂ ಹೇಗರಳ ಎದುರಿಗೆ ಹಿಮ್ಮುಖ ನಡೆಯುತ್ತಾ ಅವಳ ಬಾಯಿಯ ಮೇಲೆ ಕಣ್ಣಿಟ್ಟಿರಬೇಕೆಂದು ಅಪ್ಪಣೆಯಾಯಿತು.

ಸಿಳ್ಳೆ ದಾರಿಯ ಮೇಲೆ ಮೆರವಣಿಗೆ ಶುರುವಾಯಿತು. ಮುಂದೆ ಹಿಮ್ಮುಖವಾಗಿ ಮೇಸ್ತ್ರಿ, ಅವನೆದುರಿಗೆ ತಟ್ಟೆ ಹೊತ್ತ ಹೇಗರ್, ಅವಳ ಹಿಂದೆ ಸಿಳ್ಳೆ ಹಾಕುವ ಕ್ವಾಕೋ, ಅವನ ಹಿಂದೆ ಸೆನೆಟರ್. ಮೇಸ್ತ್ರಿ ಮೊದಲ ದಿನವೇ ನೀರಿನ ತೊಟ್ಟಿಗೆ ಕುಂಡೆ ಊರಿ ಬಿದ್ದ. ಬಟ್ಟೆ ಒಗೆಯುವವರು ಮುಖವನ್ನು ಒದ್ದೆ ದುಪ್ಪಟಿಯಲ್ಲಿ ಮುಚ್ಚಿಕೊಂಡರು.

"ಯಾವಳೇ ನಕ್ಕಿದ್ದು? ಸೂಳೇಮಕ್ಳಾ, ಚರ್ಮ ಸುಲಿದುಬಿಡ್ತೀನಿ!"

ಎರಡನೆಯ ದಿನ ಅವನು ಅವಳ ಬಾಯಿಯನ್ನು ಬಿಟ್ಟು ತಟ್ಟೆಯನ್ನು ನೋಡತೊಡಗಿದ. ಮೂರನೆಯ ದಿನ, "ಬಿಸಿ ಇದೆಯಾ ನೋಡ್ತೀನಿ," ಎಂದು ಮುಚ್ಚಳವೆತ್ತಿ ಒಂದು ಬಿಸ್ಕತ್ತು ಎತ್ತಿಕೊಂಡ. ಬೆಣ್ಣೆ ಜಿನುಗುವ ಬಿಸಿ ಬಿಸ್ಕತ್ತು. ಅವನು ಒಬ್ಬಂಟಿ, ತನ್ನ ಗುಡಿಸಲಿನಲ್ಲಿ ಉಪ್ಪುಹಂದಿಯ ಒಣತುಂಡನ್ನು ತಾನೇ ಸುಟ್ಟುಕೊಂಡು ತಿನ್ನುತ್ತಿದ್ದ. ಬಿಸ್ಕತ್ತು ನಾಲಿಗೆಗೆ ತಾಗಿದಾಗ ಅವನ ಕಣ್ಣು ಅರೆಮುಚ್ಚಿದ್ದನ್ನು ಹೇಗರ್ ಕಂಡಳು. ಹಸಿದವರ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಿಳಿಯ ಬಾಯಿಗೆ ಸಿಳ್ಳೆಯ ಕಟ್ಟಳೆ ಇರಲಿಲ್ಲ.

"ಬಿಸ್ಕತ್ತು ಕಮ್ಮಿ ಇದೆ," ಎಂದಳು ದೊರೆಸಾನಿ. ಮಾರನೆಯ ದಿನ ಹಂದಿತೊಡೆಯ ಒಂದು ಹೋಳು ಕಮ್ಮಿಯಿತ್ತು. ಮೂರನೆಯ ಸಲ ಅವಳು ಕೂಗಲಿಲ್ಲ. ಹೇಗರಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಆಳು ಕೊಳ್ಳೋ ಜಾರ್ಜಿಯಾದ ವ್ಯಾಪಾರಿಗೆ ಹೇಳಿ ಕಳಿಸಿದೀನಿ. ಶುಕ್ರವಾರ ಈ ಕಡೆ ಬರ್ತಾನೆ. ಅಷ್ಟರೊಳಗೆ ಇನ್ನೊಂದು ಚೂರು ಕಮ್ಮಿಯಾಗಲಿ, ನೀನು ಅವನ ಗಾಡಿಯಲ್ಲಿ."

ಹೇಗರ್ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತಳು.

"ಯೋಳ್ಬುಡವ್ವ, ಮೇಸ್ತ್ರಿ ತಿಂದ ಅಂತ," ಎಂದ ಕ್ವಾಕೋ, ತನಗೇ ನಂಬಿಕೆಯಿಲ್ಲದವನಂತೆ.

"ಯಾವ ಕ್ವಾರ್ಟ್‌ನಾಗೆ ಯೋಳ್ಲಿ? ಬಿಳಿಯನ ಮ್ಯಾಲೆ ನಮ್ ಸಾಕ್ಷಿ ನಡೀತದಾ? ನಾನು ಕಂಡಿದ್ದೂ ಒಂದೇ, ನಿನ್ ಸೆನೆಟ್ರು ಕಂಡಿದ್ದೂ ಒಂದೇ."

"ಸೆನೆಟ್ರಾದ್ರೂ ಒದೀತದೆ," ಎಂದ ಅವನು.

ಅವಳಿಗೆ ತನ್ನ ಚಿಂತೆ ಇರಲಿಲ್ಲ. ಮಗಳು ಡಾರ್ಕಸ್ ಹೆತ್ತು ಇನ್ನೂ ಮೈ ಒಣಗಿರಲಿಲ್ಲ. ಆಗಲೇ ಅವಳನ್ನು ಭತ್ತದ ಗದ್ದೆಯ ಮೊಣಕಾಲುದ್ದ ನೀರಿಗಿಳಿಸಿದ್ದರು. ಮಗು ಬದುವಿನ ಮೇಲೆ ಬುಟ್ಟಿಯಲ್ಲಿರುತ್ತಿತ್ತು. ಎದೆಯಲ್ಲಿ ಹಾಲಿಲ್ಲ. ವಾರಕ್ಕೆ ಅಳೆದು ಕೊಡುವ ಜೋಳದಲ್ಲಿ ಹಾಲೂರುವುದೂ ಇಲ್ಲ. ಹೇಗರ್ ಪಾತ್ರೆಯ ತಳ ಕೆರೆದ ಗಂಜಿ, ಮೀನಿನ ತಲೆ, ಮೂಳೆ ಕುದಿಸಿದ ನೀರು, ಇವನ್ನೆಲ್ಲ ಬದುವಿನವರೆಗೆ ಮುಟ್ಟಿಸುತ್ತಿದ್ದಳು. ಅಡುಗೆಮನೆಯ ಕೈ ತಪ್ಪಿತೆಂದರೆ ಆ ಮಗು ಭತ್ತದ ಕೊಯ್ಲು ಮುಗಿಯುವುದನ್ನು ನೋಡುವುದಿಲ್ಲ.

ಪೆನ್ನಿಮನ್ ಬುಧವಾರ ಬಂದ. ಕೋಲಿನಂಥ ಮೈ, ನೆಗಡಿ ಹಿಡಿದ ಮೂಗು, ಒಳ್ಳೆಯ ಕಣ್ಣು. ಗುಲಾಮರು ಬೆಳೆದ ಹತ್ತಿ ಉಡುವುದಿಲ್ಲವೆಂದು ನಾರಿನ ಬಟ್ಟೆ ತೊಟ್ಟಿದ್ದ. ಗುಲಾಮರು ಅರೆದ ಕಬ್ಬಿನ ಸಕ್ಕರೆ ತಿನ್ನುವುದಿಲ್ಲವೆಂದು ಮೇಪಲ್ ಮರದ ಸಕ್ಕರೆಯನ್ನು ಪುಟ್ಟ ಡಬ್ಬಿಯಲ್ಲಿ ತಂದಿದ್ದ. ಅದನ್ನು ಡಾರ್ಕಸಳ ಗದ್ದೆಯ ಅನ್ನದ ಪಾಯಸಕ್ಕೆ ಉದುರಿಸಿಕೊಂಡು ಎರಡು ಸಲ ಬಡಿಸಿಕೊಂಡ. ಅಕ್ಕಿಯ ವಿಷಯ ಅವನಿಗೆ ಹೊಳೆದಿರಲಿಲ್ಲ.

ಅವನ ಕಿವಿಗೆ ಸಿಳ್ಳೆ ಬಿತ್ತು.

"ಕೇಳಿದೆಯಾ?" ಎಂದ ಆಷ್ಬಿ ದೊರೆ. "ಕೆಲಸ ಮಾಡ್ತಾ ಮಾಡ್ತಾ ಸಿಳ್ಳೆ. ಸಂತೋಷ ತಡೆಯೋಕಾಗಲ್ಲ ಇವರಿಗೆ. ನಿಮ್ಮ ಗಿರಣಿಯ ಕೂಲಿಯವರು ಹಾಕ್ತಾರಾ ಹೀಗೆ?"

"ಇದು ಸಂತೋಷವಲ್ಲ," ಎಂದ ಪೆನ್ನಿಮನ್, ಚಮಚ ಕೆಳಗಿಟ್ಟು. "ಇದು ಬಂಧಿತ ಆತ್ಮವೊಂದರ ಆಕ್ರಂದನ. ಆ ಕೊನೆಯ ಏರುಸ್ವರವನ್ನು ಗಮನಿಸಿ. ಅದು ಸ್ವಾತಂತ್ರ್ಯದ ಹಂಬಲ."

ಆ ಏರುಸ್ವರಕ್ಕೆ ಸೆನೆಟರ್ ಕಿಟಕಿಯೊಳಗೆ ತಲೆ ತೂರಿಸಿತು.

ಸಂತೋಷ, ಸಂಕಟ ಎಂದು ಅವರಿಬ್ಬರೂ ರಾತ್ರಿಯ ಊಟ ಮುಗಿಯುವ ತನಕ ವಾದ ಮಾಡಿದರು. ಪಕ್ಕದಲ್ಲೇ ನಿಂತು ನೊಣ ಹೊಡೆಯುತ್ತಿದ್ದ ಹೇಗರಳನ್ನು ಯಾರೂ ಕೇಳಲಿಲ್ಲ.

ಕೇಳಿದ್ದು ಗುರುವಾರ ಮಧ್ಯಾಹ್ನ. ಅಂದು ಅನ್ನದ ಮೇಲಿಟ್ಟ ಹುರಿದ ಕಾಡುಬಾತು. ಮೆರವಣಿಗೆ ದಾರಿಯ ಮಧ್ಯಕ್ಕೆ ಬಂದಿತ್ತು. ಮೇಸ್ತ್ರಿ ಆಗಷ್ಟೇ ಮುಚ್ಚಳವೆತ್ತಿ, ಬಾತಿನ ಒಂದು ಕಾಲು ಮುರಿದು, ಇಡಿಯಾಗಿ ದವಡೆಗೆ ಸೇರಿಸಿದ್ದ. ಆ ಗಳಿಗೆಯಲ್ಲಿ ಪೆನ್ನಿಮನ್ ಜಗುಲಿಯಿಂದ ಇಳಿದು ಅವರಿಗೆ ಅಡ್ಡ ಬಂದು ನಿಂತ. ಹಿಂದೆಯೇ ದೊರೆ, ದೊರೆಸಾನಿ.

"ಸಹೋದರಿ," ಎಂದ ಪೆನ್ನಿಮನ್. ಹೇಗರ್ ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾನೋ ಎಂದು. "ತಾವೇ ಹೇಳಬೇಕು. ತಮ್ಮ ಸಿಳ್ಳೆಯಲ್ಲಿರುವುದು ಸಂತೋಷವೋ ಸಂಕಟವೋ? ತಾವು ಯಾರಿಗೂ ಅಂಜಬೇಕಾಗಿಲ್ಲ."

"ಹೇಳು ಹೇಗರ್," ಎಂದ ಆಷ್ಬಿ ದೊರೆ. "ನಾವೇನು ನಿನ್ನ ತಿಂದುಬಿಡ್ತೀವಾ?"

ಹೇಗರಳ ಕಣ್ಣು ಮುಚ್ಚಳದ ಮೇಲಿತ್ತು.

"ನಾನು ಸಿಳ್ಳೆ ಹಾಕಾಕಿಲ್ಲ ಬುದ್ದೀ. ಹಾಕಾನು ಅವ್ನು. ನಂಗೆ ಅಲ್ಲಿಲ್ಲ."

ಪೆನ್ನಿಮನ್ ಕ್ವಾಕೋನ ಕಡೆ ತಿರುಗಿದ. "ಹಾಗಾದರೆ ತಾವು, ಹಿರಿಯರೇ?"

"ಇದು ಏಸರಗತ್ತೆ ಕರ್ಯೋದು ಬುದ್ದೀ," ಎಂದ ಕ್ವಾಕೋ. "ಹುಲ್ಲೈತೆ ಬಾ ಅಂತ. ಹುಲ್ಲೇನಿಲ್ಲ. ಆದ್ರೂ ಬತ್ತದೆ, ಪಾಪದ್ದು."

ದೊರೆಸಾನಿ ಅಷ್ಟರಲ್ಲಿ ಮುಚ್ಚಳ ತೆಗೆದಿದ್ದಳು.

"ಕಾಲೆಲ್ಲಿ? ಒಂದು ಕಾಲೆಲ್ಲಿ? ಕಳ್ಳಿ! ಕಳ್ಳ ಮುಂಡೆ! ನಾಳೆ ಹತ್ತೀಯ ಗಾಡಿ!"

"ನಾನಲ್ಲ ದೊರೆಸಾನೀ."

"ಹಾಗಾದ್ರೆ ಬಾತೇ ಕುಂಟಾ?"

"ತಡಿ ತಂಗಿ," ಎಂದ ಪೆನ್ನಿಮನ್. ಅವನ ಮುಖ ಅರಳಿತು; ಅವನಿಗೂ ಒಂದು ಯೋಚನೆ ಬಂದಿತ್ತು. "ಇದಕ್ಕೆ ಸರಳವಾದ ಪರೀಕ್ಷೆ ಇದೆ. ತುಂಬಿದ ಬಾಯಿ ಸಿಳ್ಳೆ ಹಾಕಲಾರದು, ಅಲ್ಲವೇ? ಇಲ್ಲಿರುವವರೆಲ್ಲರೂ ಹಾಕಲಿ."

ಕ್ವಾಕೋ ಹಾಕಿದ. ಸೆನೆಟರ್ ಒಂದು ಹೆಜ್ಜೆ ಮುಂದೆ ಬಂತು. ಹೇಗರ್ ಫುಸ್ ಎಂದು ಊದಿ, ಬರಿದಾದ ಬಾಯಿ ಅಗಲಿಸಿ ತೋರಿಸಿದಳು. ಪೆನ್ನಿಮನ್ ಒಸಡನ್ನು ನೋಡಿ ಬೇಗನೆ ಕಣ್ಣು ತೆಗೆದ.

"ಮೇಸ್ತ್ರಿಯವರೇ, ತಾವೂ."

ಮೇಸ್ತ್ರಿಯ ಕತ್ತು ಕೆಂಪಗಾಯಿತು, ಕಿವಿಯೂ ಕೆಂಪಗಾಯಿತು. ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಕಯ್ಯ, ತಮಾಷೆಗೆ," ಎಂದ ದೊರೆ.

ಮೇಸ್ತ್ರಿ ತುಟಿ ಮುಂದೆ ಮಾಡಿ ಊದಿದ. ಮೂಳೆಯೊಂದು ಚಿಮ್ಮಿ ಬಂದು ಪೆನ್ನಿಮನ್‌ನ ನಾರಿನ ಕೋಟಿಗೆ ಬಡಿದು ಇಟ್ಟಿಗೆಯ ಮೇಲೆ ಟಕ್ಕೆಂದು ಬಿತ್ತು.

ಎಲ್ಲರೂ ಅದನ್ನೇ ನೋಡಿದರು. ಆಮೇಲೆ ಆಷ್ಬಿ ದೊರೆ ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ, ಕಂಬ ಹಿಡಿದುಕೊಳ್ಳುವ ತನಕ ನಕ್ಕ. "ಸ್ಲೋಕಮ್! ಅಲ್ಲ ಕಣಯ್ಯ, ಹಸಿವಾದ್ರೆ ಬಾಯಿಬಿಟ್ಟು ಕೇಳಬಾರದಾ?" ಎಂದು ತಟ್ಟೆಯಿಂದ ಇನ್ನೊಂದು ಕಾಲನ್ನೂ ಮುರಿದು ಅವನ ಕೈಗೆ ಕೊಟ್ಟ.

"ಸತ್ಯ ಹೊರಬಂತು," ಎಂದ ಪೆನ್ನಿಮನ್. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಈಕೆ ನಿರಪರಾಧಿ. ಇನ್ನು ಮಾರುವ ಮಾತೇ ಇಲ್ಲ."

"ಆದರೆ ವ್ಯಾಪಾರಿಗೆ ಹೇಳಿ ಕಳಿಸಿಯಾಗಿದೆಯಲ್ಲ," ಎಂದಳು ದೊರೆಸಾನಿ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಪೇಚಾಟವಿತ್ತು. "ಅಷ್ಟು ದೂರದಿಂದ ಬರೋ ಮನುಷ್ಯ. ಬರಿಗೈಯಲ್ಲಿ ಕಳಿಸಿದರೆ ಏನಂದುಕೊಳ್ತಾನೆ? ಹೇಗೂ ಇವಳಿಗೆ ಸಿಳ್ಳೆ ಬರಲ್ಲ."

"ಅದೂ ನಿಜ," ಎಂದ ದೊರೆ. "ಕೊಟ್ಟ ಮಾತು."

ಹೇಗರ್ ಪೆನ್ನಿಮನ್‌ನ ಹತ್ತಿರ ಹೋದಳು. ಬಾತಿನ ತಟ್ಟೆ ಅವಳ ಕೈಯಲ್ಲೇ ಇತ್ತು.

"ಬುದ್ದೀ, ನೀವೇ ಕೊಂಡ್ಕಳಿ ನನ್ನ. ಕೊಂಡು ಇಲ್ಲೇ ಬುಟ್ಬುಡಿ, ನನ್ ಮಗಳ ತಾವ. ಎಳೇ ಕೂಸೈತೆ."

ಪೆನ್ನಿಮನ್‌ನ ಕಣ್ಣು ತುಂಬಿತು. ಅದು ನೆಗಡಿಯ ನೀರಲ್ಲ. "ಸಹೋದರಿ, ನನಗೆ ಹಣದ ಶಕ್ತಿಯಿದೆ. ಆದರೆ ಮನುಷ್ಯರನ್ನು ಕೊಳ್ಳುವುದು ನಮ್ಮ ಸಂಘದ ತತ್ತ್ವಕ್ಕೆ ವಿರೋಧ. ಬಿಡಿಸುವುದಕ್ಕೆಂದು ಕೊಂಡರೂ ಮಾರಾಟವನ್ನು ಒಪ್ಪಿಕೊಂಡಂತೆಯೇ. ವಸಂತದ ಮಹಾಸಭೆಯಲ್ಲಿ ತಮ್ಮ ವಿಷಯವನ್ನು ನಾನೇ ಖುದ್ದಾಗಿ ಪ್ರಸ್ತಾಪಿಸುತ್ತೇನೆ."

"ವಸಂತ ಯಾವಾಗ, ಬುದ್ದೀ?"

ಅವನು ತನ್ನ ಕರವಸ್ತ್ರವನ್ನು ಅವಳ ಭುಜದ ಮೇಲೆ ಇಟ್ಟ, ಅವಳ ಕೈ ಖಾಲಿ ಇರಲಿಲ್ಲವಾದ್ದರಿಂದ. ಒಗೆದು ಮಡಿಸಿದ ಶುಭ್ರ ಬಟ್ಟೆ. ತುಂಬ ಮೆತ್ತಗಿತ್ತು.

"ಸರಿ, ಊಟ ಆರಿಹೋಗ್ತಿದೆ. ನಡಿ ಒಳಗೆ," ಎಂದಳು ದೊರೆಸಾನಿ.

ಮೂವರೂ ಜಗುಲಿ ಹತ್ತಿದರು. ಹೇಗರ್ ಹತ್ತಲಿಲ್ಲ. ಅವಳು ಸಿಳ್ಳೆ ದಾರಿಯ ನಟ್ಟನಡುವೆ, ಕಾದ ಇಟ್ಟಿಗೆಯ ಮೇಲೆ ಕಾಲು ಚಾಚಿ ಕುಳಿತಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕರವಸ್ತ್ರವನ್ನು ಬಿಡಿಸಿ ಹಾಸಿ, ಬಾತಿನ ಎದೆಯ ಭಾಗವನ್ನು ಮೂಳೆಯಿಂದ ಜೋಪಾನವಾಗಿ ಬಿಡಿಸಿ ಅದರಲ್ಲಿಟ್ಟು, ಮೇಲೆ ಎರಡು ಹಿಡಿ ಅನ್ನ ಹಾಕಿ, ಬಿಗಿಯಾಗಿ ಗಂಟು ಕಟ್ಟಿ ಮಡಿಲಿಗೆ ಸೇರಿಸಿದಳು. ಅದು ಡಾರ್ಕಸಳಿಗೆ. ಉಳಿದದ್ದರಲ್ಲಿ ಒಂದು ರೆಕ್ಕೆ ಮುರಿದು ತನ್ನ ಬಾಯಿಗಿಟ್ಟಳು.

ದೊರೆಸಾನಿ ಬಾಗಿಲಲ್ಲಿ ತಿರುಗಿದಳು. ಅವಳ ಕಿವಿಗೆ ಮೊದಲು ತಟ್ಟಿದ್ದು ಮೌನ.

"ಸಿಳ್ಳೆ!" ಎಂದು ಕಿರುಚಿದಳು. "ಸಿಳ್ಳೆ ಎಲ್ಲಿ? ಹಾಕ್ರೋ ಸಿಳ್ಳೆ!"

ಕ್ವಾಕೋ ಟೋಪಿ ತೆಗೆದು ಸಿಳ್ಳೆ ಹಾಕಿದ. ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಇನ್ನೊಂದು ಸಿಳ್ಳೆ ಅದೇ ರಾಗದಲ್ಲಿ ಎದ್ದಿತು. ಕುದುರೆಲಾಯದಿಂದ ಮತ್ತೊಂದು. ಅಡುಗೆಮನೆಯ ಕಿಟಕಿಯಿಂದ, ಮಿಲ್ಲಿನಿಂದ, ಬೇಲಿಯಾಚೆ ಭತ್ತದ ನೀರಿನಲ್ಲಿ ಬಗ್ಗಿದ್ದ ಹೆಂಗಸರ ಸಾಲಿನಿಂದ. ಹುಲ್ಲೈತೆ ಬಾ, ಹುಲ್ಲೈತೆ ಬಾ. ಸೆನೆಟರ್ ಬಂದು ಹೇಗರಳ ಪಕ್ಕದಲ್ಲಿ ನಿಂತಿತು. ಅದರ ಹಿಂದೆ ಮಿಲ್ಲಿನ ಉಳಿದ ಹೇಸರಗತ್ತೆಗಳೂ ಪಟ್ಟಿ ಎಳೆದುಕೊಂಡು, ಗುಲಾಬಿ ತುಳಿದುಕೊಂಡು ಬಂದು ಜಗುಲಿಗೂ ಅವಳಿಗೂ ನಡುವೆ ತುಂಬಿಕೊಂಡವು.

ಮೇಸ್ತ್ರಿಯ ಒಂದು ಕೈಯಲ್ಲಿ ಚಾಟಿ, ಇನ್ನೊಂದರಲ್ಲಿ ಬಾತಿನ ಕಾಲು. ಎರಡರಲ್ಲಿ ಯಾವುದನ್ನು ಕೆಳಗಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೇಸರಗತ್ತೆಗಳ ಹಿಂಗಾಲು ತಪ್ಪಿಸಿ ದಾರಿಯೂ ಇರಲಿಲ್ಲ. ದೊರೆ ಏನೋ ಕೂಗುತ್ತಿದ್ದ, ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಇಡೀ ತೋಟ ಸಿಳ್ಳೆ ಹಾಕುತ್ತಿತ್ತು. ದೊರೆಸಾನಿಯ ಕಟ್ಟಳೆಯ ಪ್ರಕಾರ ಯಾರೂ ಏನನ್ನೂ ತಿನ್ನುತ್ತಿರಲಿಲ್ಲ.

ಮುಂದಿನ ಹಲ್ಲಿಲ್ಲದ್ದರಿಂದ ಹೇಗರ್ ಪಕ್ಕದ ಹಲ್ಲಿನಲ್ಲೇ ಅಗಿಯಬೇಕಾಗಿತ್ತು. ಅದಕ್ಕೆ ಹೊತ್ತು ಹಿಡಿಯುತ್ತದೆ. ವ್ಯಾಪಾರಿ ಬರುವುದು ನಾಳೆ. ಅವಳು ಎರಡನೆಯ ರೆಕ್ಕೆಯನ್ನು ಮುರಿದು, ಅದರ ಮೇಲಿನ ಪುಕ್ಕದ ಕಡ್ಡಿಯೊಂದನ್ನು ಉಗುರಿನಿಂದ ಕಿತ್ತು ಪಕ್ಕಕ್ಕಿಟ್ಟು, ನಿಧಾನವಾಗಿ ಬಾಯಿಗಿಟ್ಟುಕೊಂಡಳು.